ಶೆಡ್ಡು ಕಟ್ಟಿದವರು

ಹಿತ್ತಲ ಮೆಟ್ಟಿಲು,
ಭಾನುವಾರ ಮಧ್ಯಾಹ್ನ, ತಾರೀಖು ೧೪

ಪ್ರೀತಿಯ ಅಪ್ಪಾ,

ನಿಮ್ಮ ಮೊಣಕಾಲು ಹೇಗಿದೆ? ಬಸ್ಸಿನಲ್ಲಿ ಅಷ್ಟು ದೂರ ಕಾಲು ಮಡಚಿ ಕೂತು ಹೋದಿರಿ. ಊತ ಇಳಿಯಿತಾ ಎಂದು ಅಮ್ಮನನ್ನು ಕೇಳಿದರೆ, ‘ನಿಮ್ಮಪ್ಪ ನನಗೆ ಯಾವತ್ತು ಹೇಳಿದ್ದಾರೆ, ಹೇಳು’ ಎಂದು ನನ್ನನ್ನೇ ಗದರಿದಳು. ಗುಂಡನಿಗೆ ಕೆಳಗಿನ ಹಲ್ಲು ಮೊಳೆತಿದೆ. ಗೋಡೆಯ ಮಟ್ಟ ನೋಡಲು ತಂದು ನೀವು ಬಿಟ್ಟುಹೋದ ರಸಮಟ್ಟವೇ ಈಗ ಅವನ ಆಟದ ಸಾಮಾನು. ಒಳಗಿನ ಗುಳ್ಳೆ ಅತ್ತ ಇತ್ತ ಓಡುವುದನ್ನು ನೋಡಿ ಕೇಕೆ ಹಾಕುತ್ತಾನೆ, ಆಮೇಲೆ ಅದನ್ನೇ ಕಚ್ಚುತ್ತಾನೆ. ಊಟ ಮರೆತರೂ ರಸಮಟ್ಟ ಮರೆಯದ ನೀವು ಅದನ್ನು ಬಿಟ್ಟು ಹೋಗಿದ್ದೀರಿ. ನನ್ನ ನಿದ್ದೆಯ ಮಾತು ಕೇಳಬೇಡಿ. ಮಗು ಮಲಗಿದರೆ ಉಸಿರಾಡುತ್ತಿದೆಯಾ ಎಂದು ಮೂಗಿನ ಹತ್ತಿರ ಬೆರಳಿಡುತ್ತೇನೆ, ಎದ್ದರೆ ಯಾಕೆ ಎದ್ದಿತೋ ಎಂದು ಹೆದರುತ್ತೇನೆ.

ಇದನ್ನು ಫೋನಿನಲ್ಲಿ ಹೇಳಬೇಕೆಂದು ಎಷ್ಟೋ ಸಲ ಅಂದುಕೊಂಡೆ. ನೀವು ‘ಹೇಳಮ್ಮಾ’ ಅಂದ ಕೂಡಲೇ ಹಲ್ಲು, ಲಸಿಕೆ, ಕೆಮ್ಮು ಎಂದು ಜಾರಿಬಿಡುತ್ತೇನೆ. ನೀವೂ ಜಾರಲು ಬಿಡುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ. ದಯವಿಟ್ಟು ಅಮ್ಮನ ಕೈಲಿ ಓದಿಸಬೇಡಿ, ಕನ್ನಡಕ ಹುಡುಕಿಕೊಂಡು ನೀವೇ ಓದಿ.

ಶೆಡ್ಡಿನ ಅನುಮತಿಯ ಮಾತು ಮೊದಲು ಎತ್ತಿದವರು ನೀವು. ಸಣ್ಣ ಕೋಣೆಯ ತುಂಬ ಇವರ ಸೈಕಲ್ಲು, ಏಣಿ, ಅಟ್ಟದಲ್ಲಿ ಹಿಡಿಸದ ಪೆಟ್ಟಿಗೆಗಳು. ರಾತ್ರಿ ಪಾಳಿ ಮುಗಿಸಿ ಬಂದ ಇವರು ಹಗಲು ಮಲಗುವ ಕೋಣೆಯಲ್ಲೇ ಮಗುವಿನ ಅಳು. ಅದನ್ನೆಲ್ಲ ನೋಡಿ ನೀವು, ‘ಹಿತ್ತಲಲ್ಲಿ ಒಂದು ಶೆಡ್ಡು ಎಬ್ಬಿಸಿಬಿಡ್ತೀನಿ ಪುಟ್ಟೀ, ಆ ಸಾಮಾನು ಹೊರಗೆ ಹೋದ್ರೆ ನೀನು ಒಂದು ಕಣ್ಣಾದ್ರೂ ಮುಚ್ಚಬಹುದು’ ಎಂದಿರಿ. ಮರುಕ್ಷಣವೇ, ‘ಮೊದಲು ಮುನ್ಸಿಪಾಲ್ಟಿ ಆಫೀಸಿಂದ ಅನುಮತಿ ತಗೋ. ಈಗ ಕೋಳಿಗೂಡು ಕಟ್ಟಿದ್ರೂ ಬಂದು ಕೇಳ್ತಾರೆ’ ಎಂದೂ ಹೇಳಿದಿರಿ. ನಾನು ನಕ್ಕೆ. ‘ಅದೆಲ್ಲ ಕಂಪ್ಯೂಟರಲ್ಲೇ ಆಗುತ್ತೆ ಅಪ್ಪಾ, ನಾನು ನೋಡ್ಕೋತೀನಿ’ ಎಂದೆ. ಅರ್ಜಿಯನ್ನು ಅರ್ಧ ತುಂಬಿದ್ದೆ. ನಕ್ಷೆ ಸೇರಿಸಬೇಕಿತ್ತು. ಅಷ್ಟರಲ್ಲಿ ಗುಂಡನಿಗೆ ಜ್ವರ ಬಂತು, ಆಮೇಲೆ ನನಗೆ ಬಂತು, ಆಮೇಲೆ ಮರೆತೆ. ಪಾಯ ತೋಡುವಾಗ ನೀವು ಮತ್ತೆ ‘ಬಂತಾ?’ ಎಂದು ಕೇಳಿದಿರಿ. ‘ಬಂದ ಹಾಗೇ’ ಎಂದೆ. ಆ ಮಾತಿನ ಮೇಲೆ ನೀವು ಗೋಡೆ ಎಬ್ಬಿಸಿದಿರಿ.

ಕೊನೆಯ ದಿನ ಬೆಳಿಗ್ಗೆ ಬಾಗಿಲ ಮೇಲೆ ಒಂದೇ ಒಂದು ಇಟ್ಟಿಗೆಯಷ್ಟು ಜಾಗ ಬಿಟ್ಟಿದ್ದಿರಿ. ನೀವು ಕಟ್ಟಿದ್ದರಲ್ಲೆಲ್ಲ ಹಾಗೆ ಬಿಡುತ್ತೀರಿ, ಆ ಮನೆಯವರ ಕೈಯಲ್ಲೇ ಇಡಿಸುತ್ತೀರಿ. ‘ಸಂಜೆ ಗುಂಡನ ಕೈ ಮುಟ್ಟಿಸಿ ನೀನೇ ಇಡು. ಆಮೇಲೆ ಗೋಡೆ ಬಿರುಕು ಬಿಟ್ರೆ ನನ್ನ ಬೈಯೋ ಹಾಗಿಲ್ಲ’ ಎಂದು ನಗಿಸಿದಿರಿ.

ಮಧ್ಯಾಹ್ನ ಆ ಇನ್‌ಸ್ಪೆಕ್ಟರ್ ಮೇಡಂ ಬಂದರು. ಧೂಳು ತಡೆಯಲಾರದೆ ಪಕ್ಕದ ಮನೆಯ ಹೆಡ್‌ಮಿಸ್ಸು ದೂರು ಕೊಟ್ಟಿದ್ದರಂತೆ. ಅವರೂ ಕಾಂಪೌಂಡಿನ ಆಚೆ ನಿಂತು ನೋಡುತ್ತಿದ್ದರು. ಮೇಡಂ ನನ್ನನ್ನು ನೋಡಿ, ‘ನೀವು ನಮ್ಮ ಕಾಲೇಜಲ್ವಾ? ನನಗಿಂತ ಒಂದು ವರ್ಷ ಸೀನಿಯರ್ರು’ ಎಂದರು. ನನ್ನ ನೈಟಿಯ ಮೇಲೆ ಮಗು ಕಕ್ಕಿದ ಕಲೆಯಿತ್ತು. ಬಾಚದ ತಲೆ. ನೀವು ಮೊಣಕಾಲಿನವರೆಗೆ ಲುಂಗಿ ಎತ್ತಿ ಕಟ್ಟಿ, ತಲೆಗೆ ನನ್ನ ಹಳೆಯ ದುಪಟ್ಟಾ ಸುತ್ತಿ, ಕೈಯಲ್ಲಿ ಗಾರೆ ಮೆತ್ತಿದ ಕರಣೆ ಹಿಡಿದು ನಿಂತಿದ್ದಿರಿ. ‘ಅನುಮತಿ ಇಲ್ಲದೆ ಕಟ್ಟಿದವರು ಯಾರು? ಈ ಮೇಸ್ತ್ರಿಗೆ ಯಾರು ಹೇಳಿದ್ದು?’ ಎಂದು ಅವರು ಕೇಳಿದರು. ನಾನು ಏನು ಹೇಳಿದೆ ಎಂದು ನಿಮಗೆ ಗೊತ್ತು. ಆದರೂ ಬರೆಯುತ್ತೇನೆ, ಬರೆಯದಿದ್ದರೆ ಈ ಕಾಗದಕ್ಕೆ ಅರ್ಥವಿಲ್ಲ. ‘ನನಗೆ ಗೊತ್ತಿಲ್ಲ ಮೇಡಂ. ಹೊರಗಿನವರು. ಕೇಳದೆ ಶುರು ಮಾಡ್ಬಿಟ್ಟಿದ್ದಾರೆ’ ಎಂದೆ.

ನೀವು ನನ್ನ ಮುಖ ನೋಡಲಿಲ್ಲ. ಕರಣೆ ಕೆಳಗಿಟ್ಟು, ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ, ‘ಹೌದು ಮೇಡಂ, ತಪ್ಪು ನಂದೇ. ಅಮ್ಮಾವರಿಗೆ ಗೊತ್ತಿರಲಿಲ್ಲ’ ಎಂದಿರಿ.

ಅಮ್ಮಾವರು! ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟವರ ಬಾಯಲ್ಲಿ. ಮೇಡಂ ನಿಮ್ಮನ್ನು ಬೈದಷ್ಟೂ ಹೊತ್ತು ನಾನು ಮಗುವನ್ನು ತಟ್ಟುತ್ತಾ ನಿಂತಿದ್ದೆ. ಮಗು ಅಳುತ್ತಲೇ ಇರಲಿಲ್ಲ. ಅವರು ಹೋದ ಮೇಲೆ ನೀವು ಒಳಗೆ ಬರದೆ ಗಿಡಗಳಿಗೆ ನೀರು ಬಿಡುವ ನಲ್ಲಿಯಲ್ಲಿ ಕೈ ತೊಳೆದುಕೊಂಡಿರಿ, ಅಲ್ಲೇ ಬೊಗಸೆಯಲ್ಲಿ ನೀರು ಕುಡಿದಿರಿ. ಊಟಕ್ಕೆ ಕರೆದರೆ ‘ಬಸ್ಸು ತಪ್ಪುತ್ತಮ್ಮಾ’ ಎಂದು ಹಿತ್ತಲ ಗೇಟಿನಿಂದಲೇ ಹೊರಟುಬಿಟ್ಟಿರಿ. ಬಸ್ಸಿಗೆ ಬೇಕಾದಷ್ಟು ಹೊತ್ತಿತ್ತು ಅಪ್ಪಾ.

ಇವರಿಗೆ ಹೇಳಿದಾಗ ಬೈಯಲಿಲ್ಲ. ‘ಮಾವನವರಿಗೆ ತಪ್ಪಾಯ್ತು ಅಂತ ಹೇಳಿದೆಯಾ?’ ಎಂದಷ್ಟೇ ಕೇಳಿ ಮಗ್ಗುಲು ಬದಲಿಸಿದರು. ಬೈದಿದ್ದರೆ ಚೆನ್ನಾಗಿತ್ತು.

ಹೋದ ವಾರ ಗುಂಡನನ್ನು ಸೊಂಟಕ್ಕೇರಿಸಿಕೊಂಡು ಆಫೀಸಿಗೆ ಹೋದೆ. ಅರ್ಜಿ, ನಕ್ಷೆ ಎಲ್ಲ ಒಯ್ದಿದ್ದೆ. ಮೇಡಂ ತಿರುವಿ ಹಾಕಿ, ‘ಸರಿ, ಆ ಮೇಸ್ತ್ರಿನ ಕರ್ಕೊಂಡು ಬನ್ನಿ. ಪಾಯ ಎಷ್ಟು ಆಳ ಹಾಕಿದ್ದಾನೆ ಅಂತ ಅವನೇ ಹೇಳಬೇಕು’ ಎಂದರು. ‘ಹಾಕಿದ್ದಾನೆ ಅಲ್ಲ ಮೇಡಂ, ಹಾಕಿದ್ದಾರೆ. ಅವರು ನಮ್ಮಪ್ಪ’ ಎಂದೆ. ಹಿಂದೆ ಸಾಲಿನಲ್ಲಿ ನಿಂತವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಬಂದುಬಿಟ್ಟಿತು. ಅನುಮತಿ ತರದವಳು ನಾನೇ ಎಂದೂ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. ‘ಅವತ್ತೇ ಹೇಳಬಾರದಿತ್ತಾ? ಕೂತ್ಕೊಳ್ಳಿ ಅಂತಾದ್ರೂ ಅಂತಿದ್ದೆ’ ಎಂದರು. ಅವರಿಗೂ ಬೇಜಾರಾದಂತಿತ್ತು. ಹೆಡ್‌ಮಿಸ್ಸಿಗೂ ಕಾಂಪೌಂಡಿನ ಮೇಲಿನಿಂದಲೇ ಹೇಳಿದೆ. ಅವರು ‘ಧೂಳಿನ ವಿಷಯ ನಿಮ್ಮಪ್ಪನಿಗೇ ಹೇಳಿದ್ರೆ ಆಗ್ತಿತ್ತು’ ಎಂದು ಒಳಗೆ ಹೋದರು.

ಇದರಿಂದ ಅವತ್ತಿನದು ಅಳಿಸಿಹೋಗುವುದಿಲ್ಲ ಎಂದು ಗೊತ್ತು. ‘ಏನಿಲ್ಲ ಬಿಡಮ್ಮಾ’ ಎಂದು ಮಾತ್ರ ಅನ್ನಬೇಡಿ. ಬೈದು ಬರೆಯಿರಿ, ಇಲ್ಲವೇ ಬಂದು ಬೈಯಿರಿ.

ಅಮ್ಮನಿಗೆ ನೆನಪುಗಳು. ಗುಂಡ ನಿಮ್ಮ ಮೀಸೆ ಹುಡುಕುತ್ತಿದ್ದಾನೆ. ನಿಮ್ಮ ಕಾಲಿಗೆ ನಮಸ್ಕಾರ.

ನಿಮ್ಮ ಮಗಳು,
ಪುಟ್ಟಿ

ಮರೆತಿದ್ದೆ. ಇಲ್ಲ, ಮರೆತಿರಲಿಲ್ಲ, ಧೈರ್ಯ ಬರಲಿಲ್ಲ. ಪಾಯ ನೋಡಲು ಮೇಡಂ ಮುಂದಿನ ಶುಕ್ರವಾರ ಬರುತ್ತಾರೆ. ನೀವು ಇಲ್ಲದಿದ್ದರೆ ಶೆಡ್ಡು ಕೆಡವಬೇಕಾಗಬಹುದು. ಕೆಡವಿದರೆ ಕೆಡವಲಿ, ಅದಕ್ಕಾಗಿ ಬರಬೇಡಿ. ಬಾಗಿಲ ಮೇಲೆ ಆ ಜಾಗ ಇನ್ನೂ ಹಾಗೇ ಇದೆ. ಇಟ್ಟಿಗೆಯನ್ನು ಒರೆಸಿ ಒಳಗೆ ಇಟ್ಟುಕೊಂಡಿದ್ದೇನೆ. ನನಗೆ ಗಾರೆ ಕಲಸಲು ಬರುವುದಿಲ್ಲ. ‘ಸಿಮೆಂಟು ಚರ್ಮ ತಿನ್ನುತ್ತೆ, ನಿನ್ನದು ಪೆನ್ನು ಹಿಡಿಯೋ ಕೈ’ ಎಂದು ನೀವು ಒಂದು ದಿನವೂ ಮುಟ್ಟಲು ಬಿಡಲಿಲ್ಲ. ಈ ಸಲ ಬಿಡಿ, ನಾನೇ ಕಲಸುತ್ತೇನೆ. ಬರುವಾಗ ಹಿತ್ತಲಿನಿಂದ ಬರಬೇಡಿ ಅಪ್ಪಾ. ಮುಂಬಾಗಿಲಿನಿಂದಲೇ ಬನ್ನಿ.