ಎರಡು ಕೈಯಲ್ಲಿ ತೆಗೆದುಕೊಂಡ ಪಗಡೆ ಹಾಸು

ಹಲಸೂರು
8-7-2003

ಅಂಜನಮೂರ್ತಿ ಸರ್ ಅವರಿಗೆ ಸುಕನ್ಯಳ ನಮಸ್ಕಾರ.

ನಿಮ್ಮ ಮಂಡಿನೋವು ಹೇಗಿದೆ ಎಂದು ಮೊದಲು ಕೇಳಬೇಕು, ಗೊತ್ತು. ಆದರೆ ಸಿಟ್ಟು ಇಳಿದಿಲ್ಲ. ಅದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ.

ನೀವು ನಿವೃತ್ತರಾದ ಮರುವಾರವೇ ನಮ್ಮ ಗ್ರಂಥಾಲಯದ ಆಟದ ಬೀರು ಖಾಲಿಯಾಯಿತು. ಹದಿಮೂರು ವರ್ಷ ನೀವೂ ನಾನೂ ಸೇರಿ ಕೂಡಿಸಿದ್ದು ಗುಜರಿ ಗಾಡಿ ಹತ್ತಿತು. ಇಷ್ಟು ದಿನ ತಪಾಸಣೆಗೆ ಬಂದವರಿಗೆ ಹಿಡಿಶಾಪ ಹಾಕುತ್ತಿದ್ದೆ. ನಿನ್ನೆ ಕಡತ ತೆಗೆದು ನೋಡಿದರೆ ‘ಅಪೂರ್ಣ, ಅನುಪಯುಕ್ತ’ ಎಂಬ ಷರಾದ ಕೆಳಗೆ ನಿಮ್ಮದೇ ಸಹಿ!

ಅಪೂರ್ಣ ಹೇಗಾಯಿತು ಸರ್? ಕಾಯಿ ಕಳೆದವರು ಗುಂಡಿಯನ್ನೋ ಹುಣಸೆಬೀಜವನ್ನೋ ತಂದಿಡಬೇಕು, ರಿಜಿಸ್ಟರಿನಲ್ಲಿ ‘ಬದಲಿ’ ಎಂದು ಬರೆಯಬೇಕು ಎಂಬ ನಿಯಮ ನಿಮ್ಮದೇ. “ಆಟ ನಿಲ್ಬಾರ್ದಮ್ಮ, ಕಾಯಿ ಯಾವ್ದಾದ್ರೇನು?” ಅನ್ನುತ್ತಿದ್ದಿರಿ. ತಪಾಸಣೆಯವರು ‘ಬದಲಿ’ ಎಂದಿದ್ದನ್ನೆಲ್ಲ ‘ಇಲ್ಲ’ ಎಂದು ಲೆಕ್ಕ ಹಿಡಿದರು. ನಮ್ಮ ಪ್ರಾಮಾಣಿಕತೆಯೇ ಕೊರಳಿಗೆ ಉರುಳಾಯಿತು. ಪಿಂಚಣಿಗೆ ತೊಡಕಾದೀತೆಂದು ನೀವು ತುಟಿ ಬಿಚ್ಚಲಿಲ್ಲ.

ಈ ಬೀರು ನೋಡಿದರೆ ಜನ ಯಾವ ವರ್ಷ ಯಾವುದಕ್ಕೆ ಮರುಳಾಗಿದ್ದರೆಂದು ಗೊತ್ತಾಗುತ್ತದೆ ಎಂದು ಕಲಿಸಿದವರು ನೀವು. ತೊಂಬತ್ತಾರರ ಕ್ರಿಕೆಟ್ ಕಾರ್ಡು, ಆಮೇಲೆ ಕುಸ್ತಿಯವರ ಕಾರ್ಡು, ಟಿವಿಯಲ್ಲಿ ಕೋಟಿ ಗೆಲ್ಲುವ ಆಟ ಬಂದಾಗ ಮಕ್ಕಳೇ ಬರೆದ ಪ್ರಶ್ನೆಯ ಚೀಟಿಗಳು. ವ್ಯಾಪಾರದ ಆಟದ ಹಲಗೆಯಲ್ಲಿ ಎಲ್ಲಕ್ಕಿಂತ ದುಬಾರಿ ಮನೆಯಿಂದ ಮುಂಬಯಿ ಅಳಿಸಿ ಯಾರೋ ಶಿವಾಜಿನಗರ ಬರೆದರು. ನಾಲ್ಕು ವರ್ಷದ ಮೇಲೆ ಬಂದವರು ಅದರ ಮೇಲೆ ಇಂದಿರಾನಗರದ ಚೀಟಿ ಅಂಟಿಸಿದರು. ಯಾವ ಪುಸ್ತಕದಲ್ಲಿದೆ ಸರ್ ಇದು?

ಹೋಗಲಿ, ಬೀರು ಹೋದದ್ದನ್ನು ಹೇಗೋ ನುಂಗಿಕೊಂಡಿದ್ದೆ. ಆದರೆ ಕಳೆದ ಶನಿವಾರ ಶಿವಾಜಿನಗರದ ಬದ್ರುನ್ನೀಸಾ ಬಂದರು. ತಾಯಿ ಹೊಲಿದ ಹಸಿರು ಪಗಡೆ ಹಾಸನ್ನು, “ಮನೇಲಿ ಆಡೋರಿಲ್ಲ ಸಾಬ್, ಇಲ್ಲಾದ್ರೂ ಆಡ್ಲಿ” ಎಂದು ನಮಗೆ ಕೊಟ್ಟವರು. ಅವತ್ತು ನೀವು ಎದ್ದು ನಿಂತು ಎರಡೂ ಕೈಯಲ್ಲಿ ತೆಗೆದುಕೊಂಡಿದ್ದಿರಿ. ಈಗ ಮೊಮ್ಮಗಳು ಆಬಿದಾಗೆ ಅದನ್ನು ತೋರಿಸಲು ಕರೆತಂದಿದ್ದರು. ಬೀರು ಇದ್ದ ಜಾಗದಲ್ಲಿ ಹೊಸ ಕಂಪ್ಯೂಟರ್. ಅಟೆಂಡರ್ ಬೈಲಪ್ಪ ಅದರ ಧೂಳು ಒರೆಸುತ್ತಿದ್ದ ಬಟ್ಟೆಯ ಅಂಚನ್ನು ಅವರು ದೂರದಿಂದಲೇ ಗುರುತು ಹಿಡಿದರು.

“ಪರ್ವಾಗಿಲ್ಲ ಬೇಟಿ, ಒರ್ಸೋಕಾದ್ರೂ ಬಂತಲ್ಲ” ಅಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಒಗೆದು ಕೊಡುತ್ತೇನೆ ಎಂದು ಹೇಳಿ ಹಾಸನ್ನು ಮನೆಗೆ ತಂದೆ.

ಒಗೆದಿದ್ದೇನೆ, ಇಸ್ತ್ರಿ ಮಾಡಿದ್ದೇನೆ. ಕಲೆ ಹೋಗಿಲ್ಲ. ಇದನ್ನು ನಾನು ಕೊಡುವುದಿಲ್ಲ ಸರ್. ಎರಡು ಕೈಯಲ್ಲಿ ತೆಗೆದುಕೊಂಡವರೇ ಎರಡು ಕೈಯಲ್ಲಿ ಹಿಂದಿರುಗಿಸಬೇಕು, ತಪ್ಪಾಯಿತು ಎನ್ನಬೇಕು. ಬರುವ ಭಾನುವಾರ ಹನ್ನೊಂದಕ್ಕೆ ಹಲಸೂರು ಕೆರೆಯ ಬಸ್ ಸ್ಟಾಪಿನಲ್ಲಿ ಕಾಯುತ್ತೇನೆ, ಅಲ್ಲಿಂದ ಅವರ ಮನೆಗೆ ಶಿವಾಜಿನಗರಕ್ಕೆ ಹೋಗೋಣ. ನೀವಿರುವ ಸಿ.ವಿ. ರಾಮನ್ ನಗರವೇನು ಕಾಶಿಯಲ್ಲ.

ಈಗ ಕೇಳುತ್ತೇನೆ, ಮಂಡಿನೋವು ಹೇಗಿದೆ? ಹದಿಮೂರು ವರ್ಷ ಮಕ್ಕಳ ಜೊತೆ ನೆಲದ ಮೇಲೆ ಕೂತು ಆಡುವಾಗ ಅದು ನಿಮಗೆ ನೆನಪೇ ಇರಲಿಲ್ಲ.

ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ. ಭಾನುವಾರ ಬಸ್ಸು ಹತ್ತುವಷ್ಟಾದರೂ.

ನಿಮ್ಮ ಕೈಕೆಳಗೆ ಕಲಿತ,
ಸುಕನ್ಯ