ತಮ್ಮನ ಸಣಕಲು ಗೋಡೆ

ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ
ಮಣ್ಣು ಪರೀಕ್ಷೆಯ ಕೋಣೆ

ಮಹಾಮೇಧಾವಿ ತಮ್ಮನಿಗೆ ಅಕ್ಕನ ಆಶೀರ್ವಾದ, ಇನ್ನೂ ಏನಾದರೂ ಉಳಿದಿದ್ದರೆ.

ನಿನ್ನೆ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ನಿನ್ನ ಸಹಾಯಕಿ, "ಸಾಹೇಬ್ರು ಮೀಟಿಂಗಲ್ಲಿದಾರೆ" ಅಂದಳು. ಅಷ್ಟು ಮೀಟಿಂಗು ಮಾಡುವ ಬದಲು ಒಂದು ಸಲ ನಿನ್ನ ಅಣೆಕಟ್ಟೆಯ ಬುಡಕ್ಕೆ ಬಂದು ಬಗ್ಗಿ ನೋಡಿದ್ದರೆ ಈ ಕಾಗದ ಬರೆಯುವ ಕಷ್ಟ ನನಗೆ ತಪ್ಪುತ್ತಿತ್ತು. ಆದರೆ ಬಗ್ಗುವ ಅಭ್ಯಾಸ ನಿನಗೆ ಮೇಲಿನವರ ಮುಂದೆ ಮಾತ್ರ.

ಇದರ ಜೊತೆ ಒಂದು ಬಾಟಲಿ ಕಳಿಸಿದ್ದೇನೆ. ಇವತ್ತು ಬೆಳಿಗ್ಗೆ ಕಟ್ಟೆಯ ಬುಡದ ಸೋರುಗಾಲುವೆಯಲ್ಲಿ ನಾನೇ ತುಂಬಿದ್ದು. "ಮಣ್ಣಿನ ಕಟ್ಟೆ ಅಂದ್ಮೇಲೆ ಸೋರತ್ತೆ ಅಕ್ಕ, ತಲೆ ಕೆಡಿಸ್ಕೋಬೇಡ" ಎಂದು ಹೋದ ವಾರ ನನಗೇ ಪಾಠ ಹೇಳಿದೆಯಲ್ಲ. ಸೋರಲಿ, ಯಾರು ಬೇಡ ಅಂದರು? ತಿಳಿನೀರು ಸೋರಿದರೆ ನಾನೂ ಮನೆಗೆ ಹೋಗಿ ಹಾಯಾಗಿರುತ್ತೇನೆ. ಇದು ಕೆಂಪು ಜೇಡಿ ಕದಡಿದ ನೀರು. ಅಂದರೆ ಒಳಗಿನ ಮಣ್ಣೇ ಹೊರಟಿದೆ.

ಯಾವ ಮಣ್ಣು ಅಂತ ನಿನಗೆ ಗೊತ್ತು. ನೀರು ತಡೆಯಲೆಂದು ಕಟ್ಟೆಯ ಹೊಟ್ಟೆಯಲ್ಲಿ ಎಬ್ಬಿಸುವ ಜೇಡಿಮಣ್ಣಿನ ಗೋಡೆ, ನಿಮ್ಮ ಭಾಷೆಯ ಕೋರ್. ತಳದಲ್ಲಿ ಇಪ್ಪತ್ತು ಮೀಟರ್ ದಪ್ಪ ಇರಬೇಕಾದದ್ದನ್ನು ನೀನು ನಕ್ಷೆಯಲ್ಲಿ ಎಂಟಕ್ಕೆ ಇಳಿಸಿದೆ. ಜೇಡಿ ಕಡಿಮೆಯಾದಷ್ಟೂ ಕಟ್ಟೆಯ ಇಳಿಜಾರು ಗಟ್ಟಿಯಾಗಿ ನಿಲ್ಲುತ್ತದೆ ಎಂದು ವಾದಿಸಿದವನು ನೀನೇ. ನಿಂತಿತು, ಇಲ್ಲ ಅನ್ನುವುದಿಲ್ಲ. ಅದಕ್ಕೆ ನಿನಗೊಂದು ಫಲಕವೂ ಸಿಕ್ಕಿತು. ಆದರೆ ಅಷ್ಟು ಸಣಕಲು ಗೋಡೆ ತನ್ನ ಭಾರಕ್ಕೆ ತಾನು ಕೂರದೆ ಎರಡೂ ಪಕ್ಕದ ಗಟ್ಟಿ ಕಲ್ಲುಮಣ್ಣಿಗೆ ಜೋತುಬೀಳುತ್ತದೆ, ಒಳಗೇ ಬಿರುಕು ಬಿಡುತ್ತದೆ, ನೀರು ಆ ಬಿರುಕಿನಲ್ಲಿ ದಾರಿ ಮಾಡಿಕೊಳ್ಳುತ್ತದೆ. ಇದು ಕಾಲೇಜಿನ ಎರಡನೇ ವರ್ಷದ ಪಾಠ. ಆ ದಿನ ನೀನು ಕ್ಲಾಸಿಗೆ ಚಕ್ಕರ್ ಹೊಡೆದಿರಬೇಕು.

ನಾನೂ ಸಾಚಾ ಅಲ್ಲ. ಆ ಜೇಡಿ ಒಣಗಿತ್ತು. ಬೆರಳಲ್ಲಿ ಹೊಸೆದರೆ ಪುಡಿಯಾಗುತ್ತಿತ್ತು, ರೋಲರ್ ಎಷ್ಟು ಓಡಿಸಿದರೂ ಬೆಸೆದುಕೊಳ್ಳುವಂಥದ್ದಲ್ಲ. ಆದರೂ ಪರೀಕ್ಷೆಯ ವರದಿಯಲ್ಲಿ 'ಯೋಗ್ಯ' ಎಂದು ಬರೆದೆ, ತಮ್ಮನ ಮೊದಲ ಕಟ್ಟೆ ಅಂತ. ನಿನ್ನ ಮೇಲೆ ಎಷ್ಟು ಅಸಹ್ಯವೋ ನನ್ನ ಮೇಲೂ ಅಷ್ಟೇ ಇದೆ.

ಕೆಳಗೆ ಇಟ್ಟಿಗೆ ಗೂಡಿನವರ ಆರುನೂರು ಮನೆಗಳಿವೆ. ಜಲಾಶಯದ ನೀರು ಇಳಿಸಲೇಬೇಕು. ಒಮ್ಮೆಗೇ ಇಳಿಸಿದರೆ ನೀರಿನ ಕಡೆಯ ನೆನೆದ ಇಳಿಜಾರು ಕುಸಿಯುತ್ತದೆ. ದಿನಕ್ಕೆ ಅರ್ಧ ಮೀಟರಿನಂತೆ ಇಳಿಸಬೇಕು. ಅದಕ್ಕೇ ಒಂದು ದಿನವೂ ಕಾಯುವಂತಿಲ್ಲ. ನೀನೋ, ಶುಕ್ರವಾರ ಬರುವ ಅತಿಥಿಗಳು ತುಂಬಿದ ಜಲಾಶಯ ನೋಡಲಿ ಎಂದು ಗೇಟು ಎತ್ತಲು ನಾನು ಬರೆದು ಕಳಿಸಿದ ಆದೇಶಕ್ಕೆ ಸಹಿ ಹಾಕದೆ ಮೇಜಿನ ಮೇಲೆ ಮಲಗಿಸಿದ್ದೀಯ. ಥೂ.

ಇಂತಿ,
ನಿನ್ನನ್ನು ಎತ್ತಿ ಆಡಿಸಿ ತಪ್ಪು ಮಾಡಿದ
ಅಕ್ಕ

ಮರೆತಿದ್ದೆ: ತೂಬಿನ ಗೇಟನ್ನು ಎಂಟು ಗಂಟೆಗೇ ಎತ್ತಿಸಿದ್ದೇನೆ. ಗೇಟಿನವನು ನಿನ್ನ ಆದೇಶ ಕೇಳಿದ, ನನ್ನ ಹತ್ತಿರವಿದ್ದ ಪ್ರತಿ ತೋರಿಸಿದೆ. ಸಹಿ ನಾನೇ ಹಾಕಿದ್ದು. ಒಂದನೇ ಕ್ಲಾಸಿನಲ್ಲಿ ನಿನ್ನ ಬೆರಳು ಹಿಡಿದು ನಿನ್ನ ಹೆಸರು ಬರೆಸಿದವಳು ನಾನೇ ತಾನೆ. ಅದು ನಿನ್ನದೇ ಸಹಿ ಎನ್ನುತ್ತೀಯೋ ಪೊಲೀಸರನ್ನು ಕಳಿಸುತ್ತೀಯೋ, ನಿನ್ನಿಷ್ಟ. ಕಳಿಸುವುದಾದರೆ ಕಟ್ಟೆಯ ಬುಡಕ್ಕೇ ಕಳಿಸು. ನೀರು ತಿಳಿಯಾಗುವವರೆಗೆ ನಾನು ಅಲ್ಲೇ ಕೂತಿರುತ್ತೇನೆ.