ಬಿರುಕಿಲ್ಲದ ಸದಸ್ಯೆಗೆ

ಬಿದರಸಾಗರ, ಕೆರೆಯಂಗಳ.
ಮಳೆ ದಾರಿ ತಪ್ಪಿದ ಮೇಲಿನ ನೂರ ನಲವತ್ತೊಂದನೆಯ ವರ್ಷ, ಎರಡನೆಯ ಬೇಸಿಗೆ, ಫಾಲ್ಗುಣದ ಆಚೆಯ ತಿಂಗಳು, ಮೂವತ್ತಾರನೆಯ ದಿನ.

ಬಿದರಸಾಗರ ಕ್ಷೇತ್ರದ ಮಾನ್ಯ ಶಾಸಕರಾದ ಶ್ರೀಮತಿ ಹೊನ್ನಗಂಗಮ್ಮನವರಿಗೆ, ನಿಮ್ಮ ದನಿಗಾರ್ತಿ ಬೋರಕ್ಕ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖನ್ನು ಓದಿ ನಿಮ್ಮ ಕನ್ನಡಕವನ್ನು ಅನುಮಾನಿಸಬೇಡಿ. ಮಳೆ ತನ್ನ ದಾರಿ ಬಿಟ್ಟು ಸಮುದ್ರದ ಮೇಲೆಯೇ ಸುರಿದು ಮುಗಿಸತೊಡಗಿದ ವರ್ಷದಿಂದ ನಾವು ಹೊಸ ಎಣಿಕೆ ಹಿಡಿದೆವು. ಬೇಸಿಗೆ ಎರಡಾದ ಮೇಲೆ ಹಳೆಯ ತಿಂಗಳುಗಳು ಹೊಂದದೆ, ಉಳಿದ ದಿನಗಳನ್ನೆಲ್ಲ ಫಾಲ್ಗುಣದ ಆಚೆಗೆ ತುರುಕಿದ್ದೇವೆ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನೀವು ಸದನದಲ್ಲಿ ಆಡಿದ ಮಾತುಗಳಿಂದ ಮಾತ್ರ. ಹಾಗಾಗಿ ಈ ಕಾಗದ ಅಲ್ಲಲ್ಲಿ ಚುಕ್ಕೆ ಗುರುತಿನ ಪ್ರಶ್ನೆಯಂತೆಯೋ ಗಮನ ಸೆಳೆಯುವ ಸೂಚನೆಯಂತೆಯೋ ಕೇಳಿಸಿದರೆ ಕ್ಷಮಿಸಬೇಕು. ಪ್ರೀತಿಗೆ, ಜಗಳಕ್ಕೆ, ಅಡುಗೆಮನೆಗೆ ನೀವು ಯಾವ ಮಾತು ಬಳಸುತ್ತಿದ್ದಿರೋ ನನಗೆ ಗೊತ್ತಿಲ್ಲ. ಅವನ್ನು ನೀವು ಸದನದಲ್ಲಿ ಆಡಲಿಲ್ಲ.

ದನಿಗಾರ್ತಿ ಎಂದರೇನೆಂದು ಮೊದಲು ಹೇಳಬೇಕು. ನಿಮ್ಮ ನಂತರ ಒಂದು ಕಾಲ ಬಂತು, ಅದನ್ನು ನಾವು ಸಂತೆಗಾಲ ಎನ್ನುತ್ತೇವೆ. ಗೆದ್ದವರನ್ನು ಗೆದ್ದ ದಿನವೇ ಕೊಳ್ಳುತ್ತಿದ್ದರಂತೆ. ಬದುಕಿರುವ ರಾಜಕಾರಣಿಯ ಮೇಲೆ ಜನಕ್ಕೆ ಎಷ್ಟು ಹೇಸಿಗೆ ಹುಟ್ಟಿತೆಂದರೆ, ಇನ್ನು ಮೇಲೆ ಸತ್ತವರನ್ನೇ ಆರಿಸೋಣ ಎಂದು ತೀರ್ಮಾನಿಸಿದರು. ಸತ್ತವರನ್ನು ಯಾರೂ ಬಸ್ಸಿನಲ್ಲಿ ತುಂಬಿ ರೆಸಾರ್ಟಿಗೆ ಕರೆದೊಯ್ಯಲಾರರು. ಪ್ರತಿ ಕ್ಷೇತ್ರವೂ ತನ್ನ ಹಳೆಯ ಶಾಸಕರಲ್ಲಿ ಒಬ್ಬರನ್ನು ಆರಿಸಿಕೊಂಡಿತು. ಅವರು ಸದನದಲ್ಲಿ ಆಡಿದ ಮಾತು, ಹಾಕಿದ ಮತ, ಮಾಡಿದ ಸಭಾತ್ಯಾಗ ಎಲ್ಲವನ್ನೂ ಊರಿನ ಒಬ್ಬರಿಗೆ ಎಳವೆಯಿಂದಲೇ ಬಾಯಿಪಾಠ ಮಾಡಿಸುತ್ತಾರೆ. ಗಂಡಸಾದರೆ ದನಿಗಾರ, ಹೆಂಗಸಾದರೆ ದನಿಗಾರ್ತಿ. ಹೊಸ ಪ್ರಶ್ನೆ ಬಂದಾಗ ನಾವು ಎದ್ದು ನಿಂತು, ನಮ್ಮ ಸದಸ್ಯರು ಇದ್ದಿದ್ದರೆ ಏನು ಹೇಳುತ್ತಿದ್ದರೆಂದು ಅವರದೇ ಮಾತಿನಿಂದ ತೋರಿಸಿ ಕೈ ಎತ್ತಬೇಕು. ನಮ್ಮ ಬೆನ್ನ ಹಿಂದೆ ಅದೇ ಪಾಠ ಕಲಿತ ಇನ್ನೊಬ್ಬರು ಕೂತಿರುತ್ತಾರೆ. ಅವರಿಗೆ ಎದುರುದನಿ ಎಂದು ಹೆಸರು. ನಾವು ಒಂದು ಮಾತು ನುಂಗಿದರೂ ಅವರು ಅದನ್ನು ಗಟ್ಟಿಯಾಗಿ ಹೇಳಿ ನಮ್ಮನ್ನು ಕೂರಿಸುತ್ತಾರೆ. ಸದನದಲ್ಲಿ ನಾನು ನಿಮ್ಮನ್ನು 'ನಾನು' ಎನ್ನಬೇಕು. 'ನೀವು' ಎಂದು ಕರೆಯುತ್ತಿರುವುದು ಇದೇ ಮೊದಲು, ಸ್ವಲ್ಪ ಸಂಕೋಚವಾಗುತ್ತಿದೆ.

ಪ್ರತಿ ದನಿಗಾರ್ತಿಗೂ ಸೇವೆಯಲ್ಲಿ ಒಮ್ಮೆ ತನ್ನ ಸದಸ್ಯರಿಗೆ ಹಿಂದೋಲೆ ಬರೆಯುವ ಹಕ್ಕಿದೆ. ಕಾಲದ ಹಿಂದಕ್ಕೆ ಹೋಗುವ ಓಲೆ ಅದು. ತಲುಪುತ್ತದೆಯೋ ಇಲ್ಲವೋ ಯಾರಿಗೂ ತಿಳಿದಿಲ್ಲ. ತಲುಪಿ ನೀವು ಏನನ್ನಾದರೂ ಬದಲಿಸಿದರೆ ನಾವು ಕಲಿತ ಪಾಠವೂ ಮೊದಲಿನಿಂದಲೇ ಬದಲಾಗಿರುತ್ತದೆ, ಆಗ ಬದಲಾಯಿತೆಂಬುದು ನಮಗೆ ಗೊತ್ತಾಗುವ ದಾರಿಯಿಲ್ಲ. ಬಹಳ ಜನ ತಮ್ಮ ಹಿಂದೋಲೆಯಲ್ಲಿ ನಮಸ್ಕಾರ ಬರೆದು ಮುಗಿಸುತ್ತಾರೆ. ನಾನೂ ಹಾಗೇ ಮಾಡಬೇಕೆಂದಿದ್ದೆ.

ನಿಮ್ಮ ಬದುಕು ನನಗೆ ನನ್ನದಕ್ಕಿಂತ ಚೆನ್ನಾಗಿ ಬರುತ್ತದೆ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಒಪ್ಪಿಸುತ್ತೇನೆ. ಹೊಲಿಗೆ ಟೀಚರಾಗಿ ಶುರುಮಾಡಿ, ಹಾಲಿನ ಡೇರಿಯ ಅಧ್ಯಕ್ಷೆಯಾದಿರಿ. ಊರಿನ ದೊಡ್ಡಮನೆಯ ಕ್ಯಾನಿನಲ್ಲೇ ನೀರು ಬೆರೆತದ್ದನ್ನು ಹಿಡಿದು ಹಾಲನ್ನು ಚರಂಡಿಗೆ ಸುರಿಸಿದಿರಿ. ಅಲ್ಲಿಂದ ಜಿಲ್ಲಾ ಪರಿಷತ್ತು. ವಿಧಾನಸಭೆಗೆ ಮೊದಲ ಸಲ ನಿಂತಾಗ ಆ ದೊಡ್ಡಮನೆಯವರೇ ಸೋಲಿಸಿದರು, ಎರಡನೆಯ ಸಲ ಅವರ ಮನೆಯ ಹೆಂಗಸರೇ ಗೆಲ್ಲಿಸಿದರು ಎಂದು ನೀವೇ ನಗುತ್ತ ಸದನದಲ್ಲಿ ಹೇಳಿದ್ದೀರಿ. ಹೆಣ್ಣುಮಕ್ಕಳ ಹಾಸ್ಟೆಲಿನ ಬಚ್ಚಲುಗಳಿಗೆ ಒಳಚಿಲಕ ಹಾಕಿಸಿ ಎಂಬ ಒಂದೇ ಪ್ರಶ್ನೆಯನ್ನು, ಸಚಿವರು ಬದಲಾದರೂ ಬಿಡದೆ, ಅಧಿವೇಶನದಿಂದ ಅಧಿವೇಶನಕ್ಕೆ ಕೇಳಿದಿರಿ. ಫ್ಲೋರೈಡ್ ನೀರಿನ ಬಾಟಲಿಯನ್ನು ಸಚಿವರ ಮೇಜಿನ ಮೇಲಿಟ್ಟು, "ಕುಡೀರಿ ಸ್ವಾಮಿ, ನಮ್ಮ ಮಕ್ಳು ದಿನಾ ಕುಡೀತಾವೆ" ಎಂದಿರಿ. ಶಾಸಕರ ಸಂಬಳ ಏರಿಸುವ ಮಸೂದೆಗೆ ಇಡೀ ಸದನ ಮೇಜು ಕುಟ್ಟಿದಾಗ ಒಬ್ಬರೇ ವಿರೋಧಿಸಿದಿರಿ. ಸಣ್ಣ ನೀರಾವರಿ ಸಚಿವೆಯಾಗಿ ವರ್ಷ ತುಂಬುವ ಮೊದಲೇ, ಕಳಪೆ ಏರಿಯೊಂದು ಒಡೆದ ದಿನ ರಾಜೀನಾಮೆ ಕೊಟ್ಟಿರಿ. ಸರ್ಕಾರ ಅಲ್ಲಾಡಿದಾಗಲೆಲ್ಲ ನಿಮ್ಮ ಮನೆ ಮುಂದೆ ಕಾರು ಬಂದು ನಿಂತು ಖಾಲಿ ಹೋಗುತ್ತಿತ್ತಂತೆ. ಪಕ್ಷ ಬಿಡಲಿಲ್ಲ, ಮಾತು ಬಿಡಲಿಲ್ಲ. ಈ ಕಾಗದ ಸಿಗುವ ಹೊತ್ತಿಗೆ ನೀವು ಆರನೆಯ ಸಲ ಗೆದ್ದು ಕೂತಿರುತ್ತೀರಿ. ಮುಂದಿನದನ್ನು ನಾನು ಹೇಳಬಾರದು, ಹೇಳುವಂಥದ್ದು ಹೆಚ್ಚೇನೂ ಇಲ್ಲ.

ಎಲ್ಲಕ್ಕಿಂತ ದೊಡ್ಡದು ನಿಮ್ಮ ಕೆರೆಯ ಮಾತು. ಹಣವಂತರು ಒಣಗಿದ ಕೆರೆಗಳಿಗೆ ಮಣ್ಣು ತುಂಬಿಸಿ ಬಡಾವಣೆ ಮಾಡುತ್ತಿದ್ದಾಗ ನೀವು ಎದ್ದು ಹೇಳಿದ್ದನ್ನು ಇಲ್ಲಿನ ಕೂಸುಗಳೂ ಒಪ್ಪಿಸುತ್ತವೆ: "ಅಧ್ಯಕ್ಷರೇ, ಕೆರೆ ಅಂಗಳದಲ್ಲಿ ಮನೆ ಕಟ್ಟಿದೋರು ಯಾರೇ ಆಗ್ಲಿ, ಎಷ್ಟೇ ವರ್ಷ ಆಗಿರ್ಲಿ, ಎಬ್ಬಿಸ್ಬೇಕು. ನನ್ನ ಅಣ್ಣನ ಮಗನೇ ಕಟ್ಟಿರ್ಲಿ, ಎಬ್ಬಿಸ್ಬೇಕು. ಇದರಲ್ಲಿ ಎರಡು ಮಾತಿಲ್ಲ." ನಿಮ್ಮ ಅಣ್ಣನ ಮಗ ನಿಜವಾಗಿಯೂ ಕಟ್ಟಿದ್ದ. ನೀವು ಎಬ್ಬಿಸಿದಿರಿ. ಆಮೇಲೆ ಅಣ್ಣ ನಿಮ್ಮ ಮನೆಯ ಹೊಸ್ತಿಲು ತುಳಿಯಲಿಲ್ಲ ಎಂದು ಕೇಳಿದ್ದೇನೆ. ಇಂಥವರನ್ನು ಆರಿಸಿಕೊಂಡೆವೆಂದು ನಮ್ಮ ಕ್ಷೇತ್ರದವರು ಎದೆಯುಬ್ಬಿಸಿ ತಿರುಗಿದರು.

ಪಕ್ಕದ ತೊಂಡಗೆರೆಯವರಿಗೆ ಆರಿಸಿಕೊಳ್ಳಲು ಯಾರೂ ಇರಲಿಲ್ಲ. ಐದು ಪಕ್ಷ ಸುತ್ತಿ ಬಂದ ಗುರುಮೂರ್ತಪ್ಪನವರೇ ಗತಿಯಾದರು. ನಮ್ಮ ಹಿರಿಯರು ಅವರನ್ನು ನೋಡಿ ನಕ್ಕಿದ್ದಕ್ಕೆ ಲೆಕ್ಕವಿಲ್ಲ. ಆದರೆ ಸದನದಲ್ಲಿ ಒಂದು ನಿಯಮವಿದೆ. ಒಂದು ವಿಷಯದಲ್ಲಿ ಸದಸ್ಯರು ಎರಡು ರೀತಿ ಮಾತಾಡಿದ್ದರೆ, ಅಥವಾ ತಾನು ತಪ್ಪಿರಬಹುದೆಂದು ಒಮ್ಮೆಯಾದರೂ ಹೇಳಿದ್ದರೆ, ಅದನ್ನು ಬಿರುಕು ಎನ್ನುತ್ತೇವೆ. ಬಿರುಕಿರುವ ಕಡೆ ಸತ್ತವರ ಮಾತು ನಡೆಯುವುದಿಲ್ಲ, ಬದುಕಿರುವ ಜನರೇ ಕೂತು ತೀರ್ಮಾನಿಸಬಹುದು. ಗುರುಮೂರ್ತಪ್ಪನವರ ಮಾತಿನ ತುಂಬ ಬಿರುಕೇ. ತೊಂಡಗೆರೆಯವರು ಎಲ್ಲವನ್ನೂ ತಮಗೆ ಬೇಕಾದಂತೆ ಮಾಡಿಕೊಂಡು ಹಾಯಾಗಿದ್ದಾರೆ. ಅಲ್ಲಿನ ದನಿಗಾರ ಸಣ್ಣರಂಗ ನನ್ನನ್ನು ಕಂಡಾಗಲೆಲ್ಲ ಕಾಡಿಸುತ್ತಾನೆ: "ನಿಮ್ಮಮ್ಮ ಸತ್ಯವಂತೆ ಕಣಕ್ಕ, ಅನುಭವಿಸ್ರಿ. ನಮ್ಮಪ್ಪ ಬೆಳಿಗ್ಗೆ ಒಂದು, ಸಂಜೆ ಒಂದು ಅಂತಿದ್ದ. ನಾವು ನೆಮ್ಮದಿಯಾಗಿದೀವಿ." ನಿಮ್ಮಲ್ಲಿ ಬಿರುಕಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಿಮ್ಮ ಕಾಲದಲ್ಲಿ ಎಚ್ಚರ ಹೇಳುತ್ತಿದ್ದರು. ನಿಮ್ಮ ಮಾತು ಎಲ್ಲಿಗೂ ಹೋಗಲಿಲ್ಲ, ಇಲ್ಲೇ ಇದೆ.

ನಾವು ಈಗ ಕೆರೆಯಂಗಳದಲ್ಲೇ ಇದ್ದೇವೆ. ನಿಮಗೆ ಇದನ್ನು ಹೇಗೆ ಹೇಳಬೇಕೋ ತಿಳಿಯದು. ಬಿದರಸಾಗರದ ಕೆರೆ ತುಂಬಿದ್ದನ್ನು ಕಂಡವರು ಯಾರೂ ಉಳಿದಿಲ್ಲ. ಏರಿಯ ಮೇಲಿನ ಹಳೇ ಊರು ಬಂಡೆಯ ನೆಲ, ಎರಡನೆಯ ಬೇಸಿಗೆಯಲ್ಲಿ ಅಲ್ಲಿ ಬರಿಗಾಲಿಟ್ಟರೆ ಚರ್ಮ ಏಳುತ್ತದೆ. ನೀರಿದ್ದ ಕಾಲದಲ್ಲಿ ಹೂಳಾಗಿ ಕೂತ ಅಂಗಳದ ಗೋಡುಮಣ್ಣು ಮಾತ್ರ ತಂಪು. ಅದರೊಳಗೆ ಸೊಂಟದ ಮಟ್ಟ ತೋಡಿ, ಮೇಲೆ ಗೋಡೆ ಎಬ್ಬಿಸಿ, ಜಾಲಿಕೊಂಬೆ ಹೊದಿಸಿಕೊಂಡು ಕೂರುತ್ತೇವೆ. ಇವಕ್ಕೆ ತಗ್ಗುಮನೆ ಎನ್ನುತ್ತೇವೆ. ಬಿಸಿಲು ಏರಿದ ಮೇಲೆ ಇಳಿಯುವವರೆಗೆ ಯಾರೂ ಹೊರಗೆ ಬರುವುದಿಲ್ಲ, ಅದು ನೆರಳುಹೊತ್ತು. ಈ ಕಾಗದ ಬರೆಯುತ್ತಿರುವುದೂ ನೆರಳುಹೊತ್ತಿನಲ್ಲೇ. ಬೆಳಗಿನ ಜಾವ ಏರಿಯುದ್ದಕ್ಕೂ ಕಟ್ಟಿದ ಇಬ್ಬನಿಬಲೆಗಳನ್ನು ಹಿಂಡಿ ಕುಡಿಯುವ ನೀರು ಮಾಡಿಕೊಳ್ಳುತ್ತೇವೆ. ರಾಗಿ ಬೆಳೆಯುತ್ತದೆ, ತೆನೆ ಚಿಕ್ಕದು. ತೂಬಿನ ಕಲ್ಲಿನ ಹತ್ತಿರ ಪಂಚಾಯ್ತಿ ಸೇರುತ್ತದೆ, ಮದುವೆಯಾಗುತ್ತದೆ. ಮಗು ಹುಟ್ಟಿದರೆ 'ಕೋಡಿ ಬಿತ್ತು' ಎಂದು ಕೂಗುತ್ತೇವೆ. ಕೋಡಿ ಎಂದರೆ ಕೆರೆ ತುಂಬಿ ಹೊರಗೆ ಹರಿಯುವ ನೀರು ಎಂದು ನಾನು ನಿಮ್ಮ ಭಾಷಣದಿಂದ ತಿಳಿದೆ, ಕೂಗುವವರಿಗೆ ಅದು ಗೊತ್ತಿಲ್ಲ. ನಾನೂ ನನ್ನ ಅವ್ವನೂ ತೂಬಿನಿಂದ ಮೂರನೆಯ ಮನೆಯಲ್ಲಿದ್ದೇವೆ. ಅವ್ವನಿಗೆ ಕಣ್ಣು ಮಂಜಾಗಿದೆ. ಗೋಡೆ ಸವರಿಕೊಂಡು ಒಲೆಯಿಂದ ಬಾಗಿಲಿಗೆ, ಬಾಗಿಲಿಂದ ನೀರಿನ ಗುಡಾಣಕ್ಕೆ ಓಡಾಡುತ್ತಾಳೆ. ಬೇರೆ ಗೋಡೆ ಅವಳಿಗೆ ಗೊತ್ತಿಲ್ಲ.

ರಾಜಧಾನಿಯಲ್ಲಿ ಈಗ ತೂಗುತೋಟಗಳಿವೆ. ಕಟ್ಟಡದ ಮೇಲೆ ಕಟ್ಟಡ ಕಟ್ಟಿ ಮಹಡಿ ಮಹಡಿಯಲ್ಲೂ ಸೊಪ್ಪು ಬೆಳೆಯುತ್ತಾರೆ. ಅದಕ್ಕೆ ಗೋಡುಮಣ್ಣು ಬೇಕು. ಕೆರೆಯಂಗಳದ ಮನೆಗಳನ್ನು ತೆರವು ಮಾಡಬೇಕೆ ಎಂಬ ಪ್ರಶ್ನೆಯನ್ನು ಆ ತೋಟಗಳ ಹಣವಂತರು ಸದನಕ್ಕೆ ತಂದಿದ್ದಾರೆ. ಪ್ರತಿ ಕ್ಷೇತ್ರದ ಉತ್ತರ ಆ ಕ್ಷೇತ್ರಕ್ಕೆ ಮಾತ್ರ. ತೊಂಡಗೆರೆಯವರು ಬಿರುಕು ತೋರಿಸಿ ಆಗುವುದಿಲ್ಲ ಎಂದುಬಿಟ್ಟರು. ಉಳಿದವರೂ ಒಂದಲ್ಲ ಒಂದು ಬಿರುಕು ಹುಡುಕಿಕೊಂಡರು. ಉಳಿದದ್ದು ನಾವೊಬ್ಬರೇ. ಹೋದ ವಾರ ತೂಗುತೋಟದವರು ಬಂದು ಏರಿಯ ಮೇಲೆ ನಿಮ್ಮ ನೆನಪಿಗೆ ನೆಟ್ಟ ಕಲ್ಲಿಗೆ ಹಾರ ಹಾಕಿ, ನಿಮ್ಮಂಥ ನಾಯಕಿ ಇನ್ನು ಹುಟ್ಟುವುದಿಲ್ಲ ಎಂದು ಭಾಷಣ ಮಾಡಿದರು. ನೀವು ಯಾರ ವಿರುದ್ಧ ಆ ಮಾತು ಹೇಳಿದಿರೋ ಅಂಥವರೇ ಅವರು. ನಮ್ಮೂರಿನವರು ಚಪ್ಪಾಳೆ ತಟ್ಟಿದರು, ಅಭ್ಯಾಸ.

ನಾಳೆ ಮತ. ನಾನು ಎದ್ದು ನಿಂತು, ನೀವಾಗಿ, ನನ್ನ ಅವ್ವನ ಮನೆ ಕೆಡವಬೇಕೆಂದು ಕೈ ಎತ್ತಬೇಕು. ಇದು ಗೊತ್ತಾದ ದಿನ ನಿಮ್ಮ ಮೇಲೆ ಕೋಪ ಬಂದಿತ್ತು. ಈಗ ಅದೂ ಇಲ್ಲ. ಅಳು ಬಂದರೆ ಚೆನ್ನಾಗಿತ್ತು ಅನ್ನಿಸುತ್ತದೆ, ಬರುತ್ತಿಲ್ಲ. ಊಟ ಮಾಡುತ್ತೇನೆ, ಬಲೆ ಹಿಂಡುತ್ತೇನೆ, ಪಾಠ ಒಪ್ಪಿಸುತ್ತೇನೆ. ಮೈಯೆಲ್ಲ ಕೂತು ಕೂತು ಜೋಮು ಹಿಡಿದ ಕಾಲಿನಂತಾಗಿದೆ.

ನಿನ್ನೆ ಅವ್ವ ಒಂದು ಮಾತು ಹೇಳಿದಳು, ಈ ಕಾಗದ ಅದರಿಂದಲೇ ಹುಟ್ಟಿತು. "ಆಯಮ್ಮ ಇದ್ದಿದ್ರೆ ಬಂದು ನೋಡ್ತಿದ್ಲು ಕಣೆ. ನೋಡಿದ್ಮೇಲೆ ಎಬ್ಬಿಸ್ತಿದ್ಲೋ ಬಿಡ್ತಿದ್ಲೋ, ಅದು ಆಯಮ್ಮಂಗೆ ಬಿಟ್ಟಿದ್ದು. ಆದ್ರೆ ನೋಡ್ದೆ ಎಬ್ಬಿಸ್ತಿರ್ಲಿಲ್ಲ." ಅವಳ ಅಜ್ಜಿಯ ಅಜ್ಜಿ ಕಂಡದ್ದಂತೆ. ನೀವು ಯಾವ ಕೆರೆಯ ಬಗ್ಗೆ ಮಾತಾಡುವ ಮೊದಲೂ ಏರಿಯ ಮೇಲೆ ಚಪ್ಪಲಿ ಬಿಟ್ಟು, ಅಂಗಳಕ್ಕೆ ಇಳಿದು, ಕೊನೆಯ ಗುಡಿಸಲಿನವರೆಗೂ ನಡೆದು, ಅಲ್ಲಿದ್ದವರ ಕೈಯಲ್ಲಿ ನೀರು ಕೇಳಿ ಕುಡಿದು ಬರುತ್ತಿದ್ದಿರಂತೆ. ಅಣ್ಣನ ಮಗನ ಮನೆಗೂ ಹಾಗೇ ಹೋಗಿ, ಒಳಗೆ ಕೂತು, ಅವನಿಗೆ ಬೇರೆ ಕಡೆ ಎರಡು ಮನೆಯಿದೆ ಎಂದು ಖಾತ್ರಿ ಮಾಡಿಕೊಂಡೇ ಎಬ್ಬಿಸಿದ್ದಂತೆ. ನನಗೆ ಇದು ಗೊತ್ತೇ ಇರಲಿಲ್ಲ. ನನ್ನ ಪಾಠದಲ್ಲಿ ಇದಿಲ್ಲ. ನೀವು ಅದನ್ನು ಮಾಡಿದಿರಿ, ಸದನದಲ್ಲಿ ಹೇಳಲಿಲ್ಲ. ಸದನಕ್ಕೆ ಆಡಿದ ಮಾತಷ್ಟೇ ಗೊತ್ತು, ನಡೆದ ದಾರಿ ಅದಕ್ಕೆ ಕಾಣುವುದಿಲ್ಲ. ಅವ್ವನ ಅಜ್ಜಿಯ ಅಜ್ಜಿ ಕಂಡದ್ದನ್ನು ನಾನು ಅಲ್ಲಿ ಹೇಳಿದರೆ ಎದುರುದನಿ ನನ್ನನ್ನು ಕೂರಿಸುತ್ತಾನೆ.

ಆದ್ದರಿಂದ ನನ್ನದು ಒಂದೇ ಕೋರಿಕೆ. ಮಾತು ಬದಲಿಸಿ ಎಂದು ಕೇಳುತ್ತಿಲ್ಲ. ನಿಮ್ಮ ಕಾಲಕ್ಕೆ ನಿಮ್ಮ ಮಾತು ಸರಿ, ನೀವು ಹಾಗೆ ಗಟ್ಟಿಯಾಗಿ ನಿಲ್ಲದಿದ್ದರೆ ನಾವು ಬಂದು ಕೂರಲು ಈ ಅಂಗಳವೂ ಉಳಿಯುತ್ತಿರಲಿಲ್ಲ. ಯಾವುದಾದರೂ ಒಂದು ದಿನ, ಶೂನ್ಯವೇಳೆಯಲ್ಲಿ, ಮೈಕು ಸಿಕ್ಕಾಗ, ಅಕ್ಕಪಕ್ಕದವರು ಹರಟುತ್ತಿದ್ದರೂ ಚಿಂತೆಯಿಲ್ಲ, ಎದ್ದು ನಿಂತು ಹೇಳಿ: ನಾನು ಹೋಗಿ ನೋಡಿ ಈ ಮಾತು ಆಡಿದ್ದೇನೆ, ನನ್ನ ನಂತರ ಬರುವವರೂ ಹೋಗಿ ನೋಡಿ ತಮ್ಮ ಮಾತು ಆಡಲಿ. ಅಷ್ಟೇ. ನಮಗೆ ಅಷ್ಟು ಬಿರುಕು ಸಾಕು. ಸದನ ನಗಬಹುದು, ಹೊನ್ನಗಂಗಮ್ಮನವರಿಗೆ ವಯಸ್ಸಾಯಿತು ಎನ್ನಬಹುದು. ಅನ್ನಲಿ.

ನಾಳೆ 'ಅಧ್ಯಕ್ಷರೇ' ಎಂದು ಶುರುಮಾಡಿ, ಅಣ್ಣನ ಮಗನವರೆಗೆ ಒಪ್ಪಿಸಿ, 'ಎರಡು ಮಾತಿಲ್ಲ' ಎಂಬಲ್ಲಿಗೆ ಬಂದಾಗ ಒಂದು ಉಸಿರು ತೆಗೆದುಕೊಳ್ಳುತ್ತೇನೆ. ಉಸಿರಿಗೆ ಎದುರುದನಿ ಏನೂ ಮಾಡಲಾರ. ನೀವು ಹೇಳಿದ್ದರೆ ಮುಂದಿನ ಮಾತು ತಾನಾಗಿ ನನ್ನ ಬಾಯಿಗೆ ಬರುತ್ತದೆ. ಆಗ ಅದು ಎಳವೆಯಿಂದಲೂ ಬರುತ್ತಿತ್ತೆಂದೇ ನನಗೆ ಅನ್ನಿಸುತ್ತದೆ, ನಿಮಗೆ ಕೃತಜ್ಞತೆ ಹೇಳಬೇಕೆಂಬುದೂ ಹೊಳೆಯುವುದಿಲ್ಲ. ಅದಕ್ಕೇ ಈಗಲೇ ಹೇಳಿಬಿಡುತ್ತೇನೆ. ಬಾರದಿದ್ದರೆ ಕೈ ಎತ್ತುತ್ತೇನೆ.

ಅವ್ವ ಒಲೆಯ ಕಲ್ಲುಗಳನ್ನು ಕಿತ್ತು ಬಾಗಿಲ ಹತ್ತಿರ ಒಟ್ಟಿದ್ದಾಳೆ. ಜೊತೆಗೆ ಒಂದು ಚೊಂಬು ನೀರನ್ನೂ ಮುಚ್ಚಳ ಹಾಕಿ ಇಟ್ಟಿದ್ದಾಳೆ. ಯಾರಿಗೆ ಎಂದು ಕೇಳಿದೆ. "ಆಯಮ್ಮ ಬಂದ್ರೆ ಕೇಳ್ತಾಳಲ್ಲ" ಎಂದಳು.

ಇಂತು, ನಾಳೆ ನೀವಾಗಿ ನಿಲ್ಲಬೇಕಾದ
ಬೋರಕ್ಕ